ಬುಡು ಅಂದರು ಮೇಷ್ಟ್ರು

ರೇಣುಕಾಪ್ರಸಾದ್ ಹೇಳಿದ ಸುಳ್ಳು ಬಹಳ ಚಿಕ್ಕದು. ಅಂತರಸನಹಳ್ಳಿಯ ಪಂಪ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತಾ, ಬ್ಯಾಸ್ಕೆಟ್‌ಬಾಲ್ ಕೋಚ್ ಕರಿಬಸವಯ್ಯನವರ ಹತ್ತಿರ ತಾನು ಐದು ವರ್ಷ ಆಟ ಕಲಿತವನು ಎಂದಿದ್ದ. ಕಲಿತಿದ್ದು ಮೂರು ದಿನ. ನಾಲ್ಕನೆಯ ದಿನ ಬೆಳಗಿನ ಐದಕ್ಕೆ ಹೋಗಲಾಗದೆ ಹೊದಿಕೆ ಎಳೆದುಕೊಂಡವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಸುಳ್ಳು ಎಚ್.ಆರ್. ಬಿಂದುಶ್ರೀ ಮೇಡಂ ಕಿವಿಗೆ ಬಿತ್ತು. ಫ್ಯಾಕ್ಟರಿಯ ಹಿಂದೆ ಹೊಸ ಬ್ಯಾಸ್ಕೆಟ್‌ಬಾಲ್ ಅಂಕಣ ಸಿದ್ಧವಾಗಿತ್ತು. ಶನಿವಾರ ಸಂಜೆ ನಾಲ್ಕಕ್ಕೆ ಉದ್ಘಾಟನೆ.

"ನಿಮ್ಮ ಗುರುಗಳನ್ನ ನೀವೇ ಒಪ್ಪಿಸಿ. ಅವರು ಬಂದ್ರೆ ನಿಮಗೆ ಒಂಬತ್ತು ಗಂಟೆಯ ಜನರಲ್ ಶಿಫ್ಟ್ ಕೊಡ್ತೀನಿ" ಎಂದರು ಮೇಡಂ.

ಗುಬ್ಬಿಯಿಂದ ಆರರ ಶಿಫ್ಟಿಗೆ ಬರಲು ಅವನು ಏಳು ವರ್ಷದಿಂದ ನಾಲ್ಕೂವರೆಗೆ ಏಳುತ್ತಿದ್ದ. ಹೊತ್ತು ಹುಟ್ಟುವವರೆಗೆ ಮಲಗುವುದು ಅವನ ಪಾಲಿಗೆ ಪಕ್ಕದ ಮನೆಯ ಹಬ್ಬದೂಟದಂತೆ. ವಾಸನೆ ಮಾತ್ರ ಬರುತ್ತಿತ್ತು.

ದಿನಗಟ್ಟಲೆ ಧೈರ್ಯ ಸಾಲದೆ, ಕೊನೆಗೆ ಶನಿವಾರ ರಜೆ ಹಾಕಿ ಬೆಳಿಗ್ಗೆಯೇ ಬೈಕ್ ಹತ್ತಿ ಕಡಬಕ್ಕೆ ಹೋದ. ಎಪ್ಪತ್ತೈದರ ಕರಿಬಸವಯ್ಯನವರು ಕೆರೆ ಏರಿಯ ಕೆಳಗಿನ ಮಣ್ಣಿನ ಅಂಕಣದಲ್ಲಿ, ಕೊರಳಿಗೆ ಸೀಟಿ ಹಾಕಿಕೊಂಡು, ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದರು. ಇವನು ಕೈ ಮುಗಿದು ಫ್ಯಾಕ್ಟರಿ, ಉದ್ಘಾಟನೆ, ನಾಲ್ಕು ಗಂಟೆ, ಶಾಲು, ಪೇಟ, ಕಾರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದ.

ಅವರು ಚೆಂಡಿನಿಂದ ಕಣ್ಣು ತೆಗೆಯದೆ ಅಂದರು: "ಬುಡು."

ಮತ್ತೊಮ್ಮೆ ಕೇಳಿದ. "ಬುಡು ಅಂದ್ನಲ್ಲ" ಎಂದು ಸೀಟಿ ಊದಿದರು.

ಜನರಲ್ ಶಿಫ್ಟ್ ಕೆರೆಗೆ ಬಿದ್ದಿತೆಂದುಕೊಂಡು ಅವನು ಏರಿ ಹತ್ತಿ, ಜೋರುಗಾಳಿಯಲ್ಲಿ ಸಹೋದ್ಯೋಗಿ ದಯಾನಂದನಿಗೆ ಫೋನ್ ಮಾಡಿದ.

"ದಯಾ, ಮೇಷ್ಟ್ರು ನಮ್ಮನ್ನ ಬುಟ್ಬುಟ್ರು ಕಣೋ. ಮುಗೀತು."

"ಯಾವಾಗ್ಲಾ?"

"ಈಗ್ಲೇ. ನನ್ ಕಣ್ಮುಂದೆನೇ."

ಅಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಿತು. ಗುಬ್ಬಿ ಹತ್ತಿರ ಬೈಕಿನ ಹಿಂದಿನ ಚಕ್ರದ ಗಾಳಿಯೂ ಹೋಯಿತು. ಪಂಕ್ಚರ್ ಅಂಗಡಿಯವನು ಮದುವೆ ಊಟ ಮುಗಿಸಿ ಬರುವವರೆಗೆ ಕಾದು, ಫ್ಯಾಕ್ಟರಿ ಸೇರುವಾಗ ಮೂರು ಗಂಟೆ.

ದಯಾನಂದ ಫ್ಯಾಕ್ಟರಿಯ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಯಾವ ಸುದ್ದಿಯೂ ತನಗಿಂತ ಮೊದಲು ಇನ್ನೊಬ್ಬರ ಬಾಯಲ್ಲಿ ಬರಬಾರದು ಅವನಿಗೆ. ಗೇಟಿನ ಫ್ಲೆಕ್ಸಿನಲ್ಲಿ ಬೆಳಿಗ್ಗೆ 'ಹಾರ್ದಿಕ ಸುಸ್ವಾಗತ' ಇದ್ದ ಜಾಗಕ್ಕೆ ಈಗ 'ಭಾವಪೂರ್ಣ ಶ್ರದ್ಧಾಂಜಲಿ' ಅಂಟಿಸಲಾಗಿತ್ತು. ಫೋಟೋ ಅದೇ, ನಗುವೂ ಅದೇ. ಮೇಷ್ಟ್ರ ಕೊರಳಿಗೆಂದು ತಂದಿದ್ದ ಹಾರ ವೇದಿಕೆಯ ಫೋಟೋ ಸೇರಿತ್ತು.

ರೇಣುಕಾಪ್ರಸಾದ್ ನಿಜ ಹೇಳಲು ಬಾಯಿ ತೆರೆದ. ಕಣ್ಣು ಕೆಂಪಾಗಿದ್ದ ಮೇಡಂ ಅವನ ಕೈ ಹಿಡಿದುಕೊಂಡರು.

"ಕೊನೇ ಗಳಿಗೇಲಿ ನೀವಾದ್ರೂ ಜೊತೇಲಿದ್ರಲ್ಲ. ಸೋಮವಾರದಿಂದ ಜನರಲ್ ಶಿಫ್ಟಿಗೆ ಬನ್ನಿ."

ತೆರೆದ ಬಾಯಿ ಹಳೆಯ ಪೆಟ್ಟಿಗೆಯ ಮುಚ್ಚಳದಂತೆ ತಾನಾಗಿ ಮುಚ್ಚಿಕೊಂಡಿತು. ಹೇಗೂ ಮೇಷ್ಟ್ರು ಈ ಕಡೆ ಬರುವುದಿಲ್ಲ, ನಿಧಾನವಾಗಿ ಹೇಳಿದರಾಯಿತು ಎಂದುಕೊಂಡ.

ಮೂರೂವರೆಗೇ ಶ್ರದ್ಧಾಂಜಲಿ ಸಭೆ ಶುರುವಾಯಿತು. ಮೇಡಂ ಚೆನ್ನಾಗಿಯೇ ಮಾತಾಡಿದರು. ತಳ ಕಿತ್ತುಹೋದ ಬಿದಿರಿನ ಮಂಕರಿಯನ್ನು ತೆಂಗಿನ ಮರಕ್ಕೆ ಕಟ್ಟಿ ಆಟ ಕಲಿತ ಹುಡುಗ ಕರಿಬಸವಯ್ಯನವರು. ಗುಬ್ಬಿಯಲ್ಲಿ ಹದಿನೆಂಟು ವರ್ಷ ಪಿ.ಟಿ. ಮೇಷ್ಟ್ರಾಗಿದ್ದರು. ಆಮೇಲೆ, ಸದಾ ಕೊನೆಯ ಸ್ಥಾನದಲ್ಲಿರುತ್ತಿದ್ದ ಪುಣೆಯ ವೃತ್ತಿಪರ ತಂಡವನ್ನು ಕೈಗೆತ್ತಿಕೊಂಡು ಹನ್ನೊಂದು ವರ್ಷದಲ್ಲಿ ಆರು ಕಪ್ ಗೆಲ್ಲಿಸಿದರು. ಪಂಜಾಬಿನವರು, ತಮಿಳರು, ಏಳಡಿಯ ಒಬ್ಬ ವಿದೇಶಿ, ಎಲ್ಲರೂ ಅವರಿಂದ ಕಲಿತ ಕನ್ನಡ ಒಂದೇ ಪದ. ಚೆಂಡು ಹಿಡಿದು ತಡಮಾಡಿದರೆ 'ಬುಡು'. ಸೋತು ಅಳುತ್ತಾ ಕೂತರೆ 'ಬುಡು'. ಗೆದ್ದು ಬೀಗಿದರೂ 'ಬುಡು'. ಆರನೆಯ ಕಪ್ ಗೆದ್ದ ಮೇಲೆ ಒಂದು ಚೀಲ ಹಿಡಿದು ಕಡಬಕ್ಕೆ ಬಂದಿಳಿದವರು ಮರುದಿನ ಬೆಳಿಗ್ಗೆ ಐದಕ್ಕೆ ಆ ಮಣ್ಣಿನ ಅಂಕಣದಲ್ಲಿದ್ದರು.

"ಒಂದು ದಿನವೂ ಆಟಕ್ಕೆ ತಡವಾಗಿ ಬಂದವರಲ್ಲ" ಎಂದು ಮೇಡಂ ಫೋಟೋದತ್ತ ಕೈ ಮುಗಿದರು. ಇನ್ನೂರು ಜನ ಕಣ್ಣೊರೆಸಿಕೊಂಡರು.

ಮೆಚ್ಚಿನ ಶಿಷ್ಯನೆಂದು ರೇಣುಕಾಪ್ರಸಾದನನ್ನು ವೇದಿಕೆಗೆ ತಳ್ಳಿದರು. ಅವನು ಕರ್ಚೀಫು ಹಿಡಿದು ಶುರುಮಾಡಿದ. "ಐದು ವರ್ಷ, ದಿನಾ ಬೆಳಿಗ್ಗೆ ಐದು ಗಂಟೆಗೆ ನಾನು ಅವರ ಹತ್ರ..."

"ಮೂರೇ ದಿನ ಕಣ್ಲಾ" ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

ಗೋಡೆಯ ಗಡಿಯಾರದಲ್ಲಿ ಸರಿಯಾಗಿ ನಾಲ್ಕು. ಕೊರಳಲ್ಲಿ ಸೀಟಿ, ವಾಚಿನ ಪಟ್ಟಿಯಲ್ಲಿ ಸಿಕ್ಕಿಸಿದ ಬಸ್ ಟಿಕೆಟ್ಟು. ದಯಾನಂದನ ಕೈಯಿಂದ ಊದುಬತ್ತಿ ಕಟ್ಟು ಜಾರಿತು. ಕರಿಬಸವಯ್ಯನವರು ಎದ್ದು ಬಂದು ಹಾರ ಹಾಕಿದ ತಮ್ಮ ಫೋಟೋವನ್ನು ಒಂದು ಕ್ಷಣ ನೋಡಿ, "ಚೆನ್ನಾಗೈತೆ" ಎಂದರು.

"ನೀವು ಬುಡು ಅಂದ್ರಲ್ಲ ಸರ್" ಎಂದು ತೊದಲಿದ ರೇಣುಕಾಪ್ರಸಾದ್.

"ಕಾರು ಗೀರು ಬುಡು ಅಂದೆ. ಬಸ್ಸೈತಲ್ಲ."

ವಿಷಯವೆಲ್ಲ ಹೊರಬಿತ್ತು. ಮೇಡಂ ಮುಖ ಕೆಂಡವಾಯಿತು. ಮೇಷ್ಟ್ರ ಕ್ಷಮೆ ಕೇಳಿ, ಈ ಮನುಷ್ಯನಿಗೆ ಜನರಲ್ ಶಿಫ್ಟಂತೂ ಇಲ್ಲ ಎಂದರು.

"ಬುಡವ್ವ" ಎಂದರು ಮೇಷ್ಟ್ರು. "ನಾನು ಬರ್ಲಿ ಅಂತ ನೀನಂದಿದ್ದೆ, ಬಂದಿದೀನಲ್ಲ. ಕೊಟ್ಟ ಮಾತು ಕೊಟ್ಟಂಗೇ ಇರ್ಲಿ."

ಸಭೆ ಚಪ್ಪಾಳೆ ತಟ್ಟಿತು. ರೇಣುಕಾಪ್ರಸಾದ್ ಅವರ ಕಾಲಿಗೆ ಬಿದ್ದ. ಅವನಿಗೆ ನಿಜವಾಗಿಯೂ ಅಳು ಬಂತು. ಮೇಷ್ಟ್ರು ಅವನನ್ನು ಎಬ್ಬಿಸಿ, ಎಲ್ಲರೊಂದಿಗೆ ಹೊಸ ಅಂಕಣಕ್ಕೆ ನಡೆಸಿಕೊಂಡು ಹೋಗಿ, ಉದ್ಘಾಟನೆಯ ಚೆಂಡನ್ನು ಅವನ ಕೈಗೇ ಕೊಟ್ಟರು.

"ಆರರ ಶಿಫ್ಟ್ ತಪ್ಪಿತಲ್ಲ, ಬೆಳಿಗ್ಗೆ ನಿಂಗೇನ್ ಕೆಲ್ಸ? ಐದು ವರ್ಷ ಅಂದಿದೀಯ, ಮೂರು ದಿನ ಆಗೈತೆ. ಸೋಮವಾರ ಐದಕ್ಕೆ ಕಡಬಕ್ಕೆ ಬಾ. ಮಿಕ್ಕಿದ್ದು ಮುಗ್ಸಾನ."

ಗುಬ್ಬಿಯಿಂದ ಐದಕ್ಕೆ ಕಡಬ ಸೇರಬೇಕಾದರೆ ನಾಲ್ಕಕ್ಕೇ ಏಳಬೇಕು, ಅಂದರೆ ಈಗಿನದಕ್ಕಿಂತ ಅರ್ಧ ಗಂಟೆ ಮೊದಲು. ರೇಣುಕಾಪ್ರಸಾದ್ ಚೆಂಡನ್ನು ಎದೆಗವಚಿಕೊಂಡು ಹಾಗೇ ನಿಂತುಬಿಟ್ಟ.

ಇನ್ನೂರು ಜನ ಒಟ್ಟಿಗೆ ಅಂದರು: "ಬುಡು."