ಹಾಲ್‌ವಿಕ್ ಮನೆತನದ ಇಬ್ಬರು ವಿಲಿಯಂಗಳು

ಬೇರೆಯವರ ಮನೆತನದ ವಿಷಯವೆಂದರೆ ನಮಗೆಲ್ಲ ಒಂದು ಸಲಿಗೆ. ಮದುವೆಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುತ್ತ ಕೂತಾಗ, ಯಾರ ಸೋದರಮಾವ ಯಾರ ಷಡ್ಡಕ ಎಂಬುದನ್ನು ತಪ್ಪಿಲ್ಲದೆ ಹೇಳಬಲ್ಲೆ ಎಂಬ ಜಂಬ ನನಗೂ ಇತ್ತು. ಬಹಳ ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದವಳು ಬೇರೆ. ಆ ಜಂಬವನ್ನು ಇಳಿಸಿದ್ದು ಇಂಗ್ಲೆಂಡಿನ ಒಂದು ಸಂತೆಯೂರು. ಅದನ್ನು ನಾನು ನೋಡಿಲ್ಲ, ಇನ್ನು ನೋಡುವ ಸಂಭವವೂ ಇಲ್ಲ.

ನಿವೃತ್ತಿಯಾದ ಮೇಲೆ ಜಯನಗರದ ಮನೆಯಲ್ಲಿ ಸುಮ್ಮನೆ ಕೂರಲಾರದೆ ಜೆ.ಪಿ. ನಗರದ ಒಂದು ಸಣ್ಣ ಆಫೀಸಿನ ಕೆಲಸ ಹಿಡಿದೆ. ಹೊರದೇಶದ ಪ್ರಕಾಶಕರ ಪುಸ್ತಕಗಳ ಕರಡು ತಿದ್ದಿ ಅಚ್ಚಿಗೆ ಸಿದ್ಧಮಾಡುವ ಆಫೀಸು. ನಡೆಸುವವನು ಪ್ರಶಾಂತ, ನನ್ನ ಹಳೆಯ ವಿದ್ಯಾರ್ಥಿ. ಹಿಂದೆ ಅವನ ಉತ್ತರಪತ್ರಿಕೆಯ ತುಂಬ ನಾನು ಕೆಂಪು ಗೀಟು ಎಳೆದಿದ್ದೆ. ಈಗ ನನ್ನ ತಪ್ಪುಗಳನ್ನು ನೋಡುವ ಸರದಿ ಅವನದು. ಪಾಪ, ಅವನು ನನ್ನ ಮೇಲಿನ ಗೌರವಕ್ಕೆ ನೋಡುತ್ತಲೇ ಇರಲಿಲ್ಲ. ಅನಾಹುತಕ್ಕೆ ಅದೂ ಒಂದು ಕಾರಣ.

ಆ ಸಂತೆಯೂರಿನ ಚರಿತ್ರೆಯ ಪುಸ್ತಕ ನನ್ನ ಪಾಲಿಗೆ ಬಂತು. ಊರಿನ ಒಡೆಯರು ಹಾಲ್‌ವಿಕ್ ಎಂಬ ಮನೆತನದವರು. ಆಸ್ತಿಗೆ ಬರವಿಲ್ಲ, ಹೆಸರಿಗೆ ಮಾತ್ರ ಬರ. ಅಪ್ಪ ವಿಲಿಯಂ, ಮಗ ವಿಲಿಯಂ, ಅವನ ಮಗನೂ ವಿಲಿಯಂ. ನಮ್ಮಲ್ಲೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ, ಆದರೆ ನಡುವೆ ಒಂದು ತಲೆಮಾರು ಉಸಿರಾಡಲು ಬಿಡುತ್ತೇವೆ. ನಾಲ್ಕನೆಯ ವಿಲಿಯಂ ತನ್ನ ಹೊಲವನ್ನೇ ಸಂತೆಗೆ ಬಿಟ್ಟುಕೊಟ್ಟ ಪುಣ್ಯಾತ್ಮ. ಸಂತೆಮಾಳದಲ್ಲಿ ಅವನ ಪ್ರತಿಮೆ ಇದೆಯಂತೆ. ಅವನ ಮಗ ಐದನೆಯವನು, ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದಾಗ ಸೈನಿಕರನ್ನು ಒಳಗೇ ಬಿಟ್ಟು, ಅಡುಗೆಯವಳ ಲಂಗ ತೊಟ್ಟು ಓಡಿಹೋದವನು. ಮನೆತನದ ವಂಶವೃಕ್ಷ ಮಾಡಿ, ಒಬ್ಬೊಬ್ಬರ ಹೆಸರಿನ ಕೆಳಗೂ ಒಂದೊಂದು ಸಾಲು ಬರೆಯುವುದು ನನ್ನ ಕೆಲಸ. ಒಂದು ಕಿವಿಯನ್ನು ಕುಕ್ಕರಿನ ಕಡೆ ಇಟ್ಟುಕೊಂಡೇ ಬರೆದು ಕಳಿಸಿಬಿಟ್ಟೆ.

ಅದಾಗಿ ವಾರವಾಗಿತ್ತು. ನಮ್ಮ ಹಳೆಯ ಪರಿಚಯದ ರಾಮಣ್ಣನವರು ಗೊಟ್ಟಿಗೆರೆಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಯಜಮಾನರೂ ನಾನೂ ಹೋದೆವು. ಊಟಕ್ಕೆ ಕೂತು ಒಬ್ಬಟ್ಟಿಗೆ ಕೈಹಾಕಿದ್ದೇನೆ, ಎದುರು ಸಾಲಿನಲ್ಲಿದ್ದ ರಾಮಣ್ಣನವರ ದಾಯಾದಿ, ಒಬ್ಬ ಮುದುಕರು, ಆಹ್ವಾನಪತ್ರಿಕೆ ಹಿಡಿದು ಎದ್ದು ನಿಂತರು.

"ನಮ್ಮೂರ ಕೆರೆ ಕಟ್ಸಿದ್ದು ಯಾರಪ್ಪಾ, ರಾಮಣ್ಣ? ನಮ್ಮಜ್ಜ ದೊಡ್ಡಮುನಿಯಪ್ಪ. ಇದ್ರಲ್ಲಿ ಚಿಕ್ಕಮುನಿಯಪ್ಪ ಅಂತ ಹಾಕ್ಸಿದ್ದೀಯ."

"ಪ್ರೆಸ್‌ನೋನು ತಪ್ಪು ಮಾಡವ್ನೆ ದೊಡ್ಡಪ್ಪ. ಕೂತ್ಕೊಳ್ಳಿ, ಊಟ ಮಾಡಿ."

"ಪ್ರೆಸ್‌ನೋನಿಗೆ ಅಜ್ಜ ಇರ್ಲಿಲ್ವಾ?" ಎಂದವರೇ ಎಲೆ ಬಿಟ್ಟು ಹೊರಟರು. ಅವರ ಹಿಂದೆ ಅವರ ಕಡೆಯ ಇಡೀ ಸಾಲು ಎದ್ದಿತು. ಬಡಿಸುವವರು ತುಪ್ಪದ ಪಾತ್ರೆ ಹಿಡಿದು ಹಾಗೇ ನಿಂತರು.

ಕಚ್ಚಿದ ಒಬ್ಬಟ್ಟನ್ನು ಎಲೆಯ ಮೇಲೆ ಇಳಿಸಿದೆ. ಲಂಗ ತೊಟ್ಟು ಓಡಿದ ಸಾಲನ್ನು ನಾನು ಯಾವ ವಿಲಿಯಂನ ಕೆಳಗೆ ಬರೆದೆ? ನೆನಪು ಮಾಡಿಕೊಂಡಷ್ಟೂ ಅದು ನಾಲ್ಕನೆಯವನ ಕೆಳಗೇ ಹೋಗಿ ಕೂರುತ್ತಿತ್ತು.

"ಯಾಕೆ ಸರಸ್ವತಿ, ಏಲಕ್ಕಿ ಸಿಪ್ಪೆ ಸಿಕ್ತಾ?" ಎಂದರು ಯಜಮಾನರು.

ಪ್ರಶಾಂತನಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ಮೇಡಂ, ನಾನೇ ಮಾಡೋಣ ಅಂತಿದ್ದೆ. ನಾಲ್ಕು ಗಂಟೆಗೆ ಹಾಲ್‌ವಿಕ್ ಮನೆತನದ ಹಿರಿಯಾಕೆ ವಿಡಿಯೋ ಕಾಲ್‌ಗೆ ಬರ್ತಾರೆ. ಅವ್ರು ಓಕೆ ಅಂದ ತಕ್ಷಣ ಪ್ರಿಂಟ್‌ಗೆ. ನೀವೂ ಇರ್ಬೇಕು," ಎಂದ.

ಪುಟ ನೋಡಿಯೇ ಹೇಳೋಣವೆಂದು ಫೋನಿಟ್ಟು, ಯಜಮಾನರನ್ನು ಅಲ್ಲೇ ಬಿಟ್ಟು ಆಟೋ ಹತ್ತಿದೆ. ಬನ್ನೇರುಘಟ್ಟ ರಸ್ತೆಯ ಬಗ್ಗೆ ಹೇಳುವುದೇನಿದೆ. ಬಿಳೇಕಹಳ್ಳಿಯ ಹತ್ತಿರ ಆಟೋ ನಿಂತದ್ದು ನಿಂತೇ ಇತ್ತು. "ಸ್ವಲ್ಪ ಬೇಗ ಹೋಗಪ್ಪ," ಎಂದರೆ ಡ್ರೈವರ್, "ಮೇಡಂ, ಮುಂದೆ ಬಸ್ಸು, ಹಿಂದೆ ಬಸ್ಸು. ನೀವೇ ದಾರಿ ಹೇಳಿ," ಎಂದು ಎಂಜಿನ್ ಆಫ್ ಮಾಡಿದ. ಆ ಮೌನದಲ್ಲಿ ನನಗೊಂದು ಕೆಟ್ಟ ಯೋಚನೆ ಬಂತು. ಸುಮ್ಮನಿದ್ದುಬಿಟ್ಟರೆ? ಸತ್ತು ನಾನೂರು ವರ್ಷವಾದವನು ಬಂದು ಕೇಳುತ್ತಾನೆಯೇ? ಹೀಗೆ ಯಾರೋ ಸುಮ್ಮನಿದ್ದುಬಿಟ್ಟದ್ದರಿಂದ ಉಳಿದ ಎಷ್ಟು ಸುಳ್ಳುಗಳನ್ನು ನಾನೇ ಪಾಠ ಮಾಡಿದ್ದೆನೋ!

ಆಫೀಸು ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಪುಟ ತೆಗೆದು ನೋಡಿದೆವು. ಪುಣ್ಯಾತ್ಮನಿಗೆ ಲಂಗ, ಹೇಡಿಗೆ ಹೊಲ. ಆಕೆಗೆ ಹೇಳಿಬಿಡೋಣ ಎಂದೆ. ಪ್ರಶಾಂತ ಎದ್ದು ಹೋಗಿ ಬಾಗಿಲು ಮುಚ್ಚಿಬಂದ.

"ಹೇಳ್ಲೇಬೇಕಾ ಮೇಡಂ? ಕಾಲ್ ಮುಗಿದ್ಮೇಲೆ ಸದ್ದಿಲ್ದೆ ಬದ್ಲಾಯಿಸ್ಬಿಡ್ತೀನಿ."

"ಅವರ ಕೈಲಿ ಆಗ್ಲೇ ಒಂದು ಪ್ರತಿ ಇದೆಯಲ್ಲಪ್ಪ."

"ಇದೆ." ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದ, "ಇವ್ರು ಕೈಬಿಟ್ರೆ ಬೇರೆ ಕೆಲ್ಸ ಇಲ್ಲ ಮೇಡಂ. ಇಲ್ಲಿ ಆರು ಜನ ಇದ್ದೀವಿ." ಬೈದಿದ್ದರೆ ವಾಸಿಯಿತ್ತು.

ಪರದೆಯ ಮೇಲೆ ಬಿಳಿಗೂದಲಿನ ಹೆಂಗಸೊಬ್ಬರು ಕಾಣಿಸಿಕೊಂಡರು. ನಮಸ್ಕಾರ, ಹವಾಮಾನ ಎಲ್ಲ ಆಗುವ ಮೊದಲೇ ನಾನು ಒಂದೇ ಉಸಿರಿನಲ್ಲಿ ತಪ್ಪೊಪ್ಪಿಕೊಂಡೆ. ತಪ್ಪು ನನ್ನದು, ಆಫೀಸಿನದಲ್ಲ ಎಂದೂ ಸೇರಿಸಿದೆ. ಚಿತ್ರ ನಿಂತುಹೋಯಿತೇನೋ ಅಂದುಕೊಂಡೆ, ಆದರೆ ಆಕೆ ಕಣ್ಣು ಪಿಳುಕಿಸುತ್ತಿದ್ದರು. ಪ್ರಶಾಂತ ಮೇಜಿನ ಅಂಚನ್ನು ಹಿಡಿದು ಕೂತಿದ್ದ.

ಕೊನೆಗೆ ಆಕೆ ಕನ್ನಡಕ ತೆಗೆದು, ತಾನು ಆ ಸಾಲುಗಳನ್ನು ಓದಿಯೇ ಇಲ್ಲ ಎಂದರು. ಪ್ರತಿ ಬಂದಾಗ ವಂಶವೃಕ್ಷದ ಕೊನೆಯಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದಷ್ಟೇ ನೋಡಿದ್ದರಂತೆ. ಸರಿಯಾಗಿತ್ತು, ಮುಚ್ಚಿಟ್ಟರು. ತಿದ್ದಿಬಿಡಿ ಎಂದು ಹೇಳಿ, ಓಡಿಹೋದವನ ಬಗ್ಗೆ ಇನ್ನೂ ಎರಡು ಸಾಲು ಸೇರಿಸಲು ಸಾಧ್ಯವೇ ಎಂದು ಕೇಳಿದರು. ಅವನು ಓಡುವಾಗ ಇನ್ನೂ ಮದುವೆಯಾಗಿರಲಿಲ್ಲವಂತೆ. ಅವನು ಅಲ್ಲೇ ನಿಂತು ಸತ್ತಿದ್ದರೆ, ಈಗ ನಿಮ್ಮ ಜೊತೆ ಮಾತಾಡಲು ನಾನೇ ಇರುತ್ತಿರಲಿಲ್ಲ ಎಂದು ನಕ್ಕರು. ಪ್ರಶಾಂತ ಮೇಜು ಬಿಟ್ಟ.

ಮನೆಗೆ ಬಂದು ನನ್ನ ಪ್ರಾಮಾಣಿಕತೆಯ ಕಥೆಯನ್ನು ಯಜಮಾನರಿಗೆ ಎರಡು ಸಲ ಹೇಳಿದೆ. ಗೊಟ್ಟಿಗೆರೆಯಿಂದ ಒಬ್ಬರೇ ಬಸ್ಸಿನಲ್ಲಿ ನಿಂತು ಬಂದಿದ್ದ ಅವರು ಅಷ್ಟೇನೂ ಮೆಚ್ಚಲಿಲ್ಲ.

ಎರಡು ತಿಂಗಳಿಗೆ ಪುಸ್ತಕ ಬಂತು. ಸಂತೆ, ಕೋಟೆ, ವಿಲಿಯಂಗಳು ಯಾವುದನ್ನೂ ನೋಡದೆ ನೇರ ಕೃತಜ್ಞತೆಯ ಪುಟಕ್ಕೆ ಹೋದೆ. ನನ್ನ ಹೆಸರಿತ್ತು: ಬೆಂಗಳೂರಿನ ಮಿಸ್ಟರ್ ಸರಸ್ವತಿ. ಇಷ್ಟು ಸಣ್ಣ ತಪ್ಪಿಗೆ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ಪ್ರಕಾಶಕರಿಗೆ ನಿನ್ನೆ ಮೂರನೆಯ ಪತ್ರ ಬರೆದಿದ್ದೇನೆ.