ಭಾವನ ಕಣ್ಣು ಬಿದ್ದ ಗಾಡಿ

ಮೊದಲು ಒಂದು ಒಗಟು. ಎರಡು ಗಾಲಿ, ಎಂಟು ಕಾಲು, ಮೂರು ಬಾಯಿ. ಒಂದು ಬಾಯಿ ಬೈಯುತ್ತದೆ, ಒಂದು ಬಾಯಿ ಬೊಗಳುತ್ತದೆ, ಇನ್ನೊಂದು ಬಾಯಿ ‘ಡುರ್ ಡುರ್’ ಅನ್ನುತ್ತದೆ. ಏನದು?

ತಲೆ ಕೆರೆದುಕೊಳ್ಳಬೇಡಿ. ಎಂಥಾ ಶಾಣ್ಯಾರಿಗೂ ಬರುವುದಿಲ್ಲ. ಯಾಕಂದ್ರೆ ನೀವು ಅವತ್ತು ಬ್ಯಾಡಗಿಯ ನಮ್ಮ ಓಣಿಯಲ್ಲಿ ಇರಲಿಲ್ಲ. ಅದು ನಾನು ಬೈಕ್ ಕಲಿಯುವುದು. ಗಾಲಿ ಬೈಕಿನವು. ನೆಲಕ್ಕೆ ಎಳೆದಾಡುವ ಎರಡು ಕಾಲು ನನ್ನವು, ಹಿಂದಿನಿಂದ ನೂಕುತ್ತ ಓಡುವ ಎರಡು ಕಾಲು ನಮ್ಮಪ್ಪನವು, ಉಳಿದ ನಾಲ್ಕು ಓಣಿಯ ನಾಯಿಯವು. ಬೈಯುವ ಬಾಯಿ ಯಾರದು ಅಂತ ಹೇಳಬೇಕಿಲ್ಲ. ‘ಡುರ್ ಡುರ್’ ಅನ್ನುವ ಬಾಯಿ ನನ್ನದು, ಯಾಕಂದ್ರೆ ಇಂಜಿನ್ ಬಂದ್ ಇತ್ತು. “ಮೊದಲ ಸೆಟದು ಕುಂದ್ರೂದು ಕಲಿ, ಪೆಟ್ರೋಲ್ ಆಮ್ಯಾಲ ಸುಡೂಣಂತ” ಅಂತ ಅಪ್ಪನ ಕಾಯಿದೆ.

ಇಂಥವು ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ. ಊರಲ್ಲಿ ಎಷ್ಟೋ ಹುಡುಗರು ಗಾಡಿ ಕಲಿತರು, ಒಬ್ಬನ ಬಗ್ಗೆಯೂ ಯಾರೂ ಕಟ್ಟೆಯ ಮೇಲೆ ಕುಂತು ಮಾತಾಡಲಿಲ್ಲ. ನಾನು ಕಲಿಯುವ ಹೊತ್ತಿಗೆ ಮಾತ್ರ ಜನ ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಹೊರಗೆ ಬರುತ್ತಿದ್ದರು.

ನಿಂಬೆಹಣ್ಣು ಗೆದ್ದದ್ದು

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ನಮ್ಮಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ತೂಕ ಮಾಡುತ್ತಾನೆ. ಅಂಗಡಿಯ ಸಾವ್ಕಾರರು, “ನಿನ್ನ ಮಗಗ ಗಾಡಿ ಹೊಡೀಲಿಕ್ಕೆ ಬಂದ್ರ ಹಳ್ಳಿ ತಿರಗೋ ಕೆಲಸಕ್ಕ ಇಟಗೋತೇನಿ” ಅಂದಿದ್ದರು. ಅದಕ್ಕೆ ಹಾವೇರಿಯಲ್ಲಿ ಒಂದು ಹಳೇ ಬೈಕ್ ನೋಡಿ ತಗೊಂಡೆವು. ತಗೊಂಡ ಮೇಲೆ ಗೊತ್ತಾಯಿತು, ನನಗೂ ಹೊಡೆಯಲಿಕ್ಕೆ ಬರುವುದಿಲ್ಲ, ಅಪ್ಪನಿಗೂ ಬರುವುದಿಲ್ಲ. ಕಡೆಗೆ ಕುಪ್ಪೇಲೂರಿನಿಂದ ಅಕ್ಕನ ಗಂಡನನ್ನು, ಅಂದ್ರೆ ನಮ್ಮ ಭಾವನನ್ನು ಫೋನ್ ಮಾಡಿ ಕರೆಸಿದೆವು.

ಅದೇ ತಪ್ಪಾಯಿತು. ಹಾವೇರಿಯಿಂದ ಹೈವೇ ಹಿಡಿದು ಮೋಟೆಬೆನ್ನೂರಿಗೆ ಬಂದು ಬ್ಯಾಡಗಿ ಕಡೆ ಹೊರಳುವಷ್ಟರಲ್ಲಿ ಭಾವನಿಗೆ ಆ ಗಾಡಿಯ ಮೇಲೆ ಮನಸ್ಸಾಗಿಬಿಟ್ಟಿತ್ತು. ಮನೆ ಮುಂದೆ ಇಳಿದವನು ಪೆಟ್ರೋಲ್ ಟಾಕಿಯ ಮೇಲಿನ ಕೈ ತೆಗೆಯಲಿಲ್ಲ.

“ಮಾವಾರ, ಗಾಡಿ ಬೆಣ್ಣಿ ಐತ್ರಿ ಬೆಣ್ಣಿ. ಈ ಹುಡುಗಗ ಯಾಕ ಕೊಡ್ತೀರಿ? ನಾ ಒಯ್ತೇನಿ, ಕೊಟ್ಟ ರೊಕ್ಕಾ ಕೊಡ್ತೇನಿ.”

ಅಪ್ಪ ನನ್ನ ಕಡೆ ಒಂದ್ಸಲ, ಗಾಡಿಯ ಕಡೆ ಒಂದ್ಸಲ ನೋಡಿ ತೀರ್ಪು ಕೊಟ್ಟ: “ಲೈಸೆನ್ಸ್ ಪರೀಕ್ಷಾ ಪಾಸಾದ್ರ ಗಾಡಿ ಇವಂದು. ಫೇಲಾದ್ರ ಗಾಡಿ ನಿಂದು, ಇವ ಮತ್ತ ಕಾಲೇಜಿಗೆ.”

ಗಾಡಿ ಹೋದರೆ ಹೋಗಲಿ ಅನ್ನಬಹುದಿತ್ತು. ಕಾಲೇಜು ಅಂದಕೂಡಲೆ ನಾನು ಭಾವನ ಕೈ ಸರಿಸಿ ಹ್ಯಾಂಡಲ್ ಹಿಡಿದೆ.

ಪೂಜೆ ಆಯಿತು. ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಹೊಸ ಗಾಡಿ ಅದನ್ನು ಚಚ್ಚಿ ಮುಂದೆ ಹೋದರೆ ಒಳ್ಳೆಯದು ಅಂತ ನಮ್ಮಲ್ಲಿ ಪದ್ಧತಿ. ಭಾವ ಚಾಲೂ ಮಾಡಿ ಕೊಟ್ಟ. ನಾನು ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಕುಪ್ಪಳಿಸಿ ಸತ್ತಿತು. ನಿಂಬೆಹಣ್ಣು ಹಾಗೇ ಇತ್ತು. ಮತ್ತೊಮ್ಮೆ ಬಿಟ್ಟೆ, ಈ ಸಲ ಹಣ್ಣು ಪುಟಿದು ಉರುಳುತ್ತ ಗಟಾರದ ತನಕ ಹೋಯಿತು.

ಬಾಗಿಲಲ್ಲಿ ಕುಂತ ನಮ್ಮ ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಹೇಳಿದಳು: “ಲೈಸೆನ್ಸ್ ಆ ನಿಂಬಿಹಣ್ಣಿಗೆ ಕೊಡಸ್ರಿ. ಇವನಕಿಂತ ಚಂದ ಹೊಡೀತೈತಿ.”

ಮೇಸ್ತ್ರಿಗೆ ಕೇಳಿದ ಪ್ರಶ್ನೆಗಳು

ಅಪ್ಪ ಇಂಜಿನ್ ಚಾಲೂ ಮಾಡಲು ಪರವಾನಗಿ ಕೊಟ್ಟ ಮೇಲೆ ನನ್ನ ತಲೆಯಲ್ಲಿ ಬರೀ ಪ್ರಶ್ನೆಗಳು. ಶಾಲೆಯಲ್ಲಿ ಒಂದೂ ಪ್ರಶ್ನೆ ಕೇಳದವನು ಈಗ ಗ್ಯಾರೇಜಿನ ಮೇಸ್ತ್ರಿಯ ಮುಂದೆ ದಿನಾ ಮುಂಜಾನೆ ಹಾಜರಾಗುತ್ತಿದ್ದೆ.

“ಮೇಸ್ತ್ರಿ, ನ್ಯೂಟ್ರಲ್ಲು ಒಂದನೇ ಗೇರಿಗೂ ಎರಡನೇ ಗೇರಿಗೂ ನಡುವ ಯಾಕ ಇಟ್ಟಾರ? ಕಡೀಕ ಇಟ್ಟಿದ್ರ ಸಿಗತಿತ್ತಲ್ಲ.”

“ನಿನ್ನಂಥವ್ರು ಹುಡಕಲಿ ಅಂತ ಇಟ್ಟಾರ.”

“ಗಾಡಿ ನಿಂದ್ರಸಿದಾಗ ಯಾವ ಕಾಲು ಕೆಳಗ ಇಡಬೇಕು?”

“ಎಡಗಾಲು.”

“ಗಾಡಿ ಬಲಕ್ಕ ಬೀಳಾಕತ್ತಿದ್ರ?”

“ಆವಾಗ ಕಾಲು ಕೇಳಬ್ಯಾಡ, ದೇವರನ್ನ ಕೇಳು.”

“ಹಾರ್ನ್ ಹೊಡದ್ರ ಮುಂದಿನವ್ರು ಸರೀತಾರ?”

ಮೇಸ್ತ್ರಿ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. “ಎಲ್ಲಿ, ಬ್ಯಾಡಗ್ಯಾಗ? ಇಲ್ಲಿ ಹಾರ್ನ್ ಹೊಡದ್ರ ಎಮ್ಮಿ ಹೊಳ್ಳಿ ನೋಡತೈತಿ. ಮನಿಶ್ಯಾ ಅದನೂ ಮಾಡೂದಿಲ್ಲ.”

ಹೀಗೇ ನಡೆದಿತ್ತು. ಒಂದು ದಿನ ನಾನು ಹೋದಾಗ ಗ್ಯಾರೇಜಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿತ್ತು: ಪಂಚರ್ ತೆಗೆಯಲಾಗುವುದು, ಆಯಿಲ್ ಬದಲಿಸಲಾಗುವುದು, ಪ್ರಶ್ನೆಗೆ ಉತ್ತರ ಕೊಡಲಾಗುವುದಿಲ್ಲ. ನಾನು ಅದನ್ನು ಓದಿ ಒಳಗೆ ಹೋಗಿ ಕೇಳಿದೆ: “ಮೇಸ್ತ್ರಿ, ಇದು ಯಾರಿಗೆ ಬರದದ್ದು?”

ಕೈ ಮಾಡಿದ ಅಜ್ಜ

ನಮ್ಮ ಕಡೆ ರಸ್ತೆ ಬದಿ ನಿಂತವರು ಕೈ ಮಾಡಿದರೆ ಗಾಡಿ ನಿಲ್ಲಿಸಲೇಬೇಕು. ನಿಲ್ಲಿಸದಿದ್ದರೆ ಸಂಜೆಯೊಳಗೆ ನಿಮ್ಮ ಮನೆಗೆ ಸುದ್ದಿ ಮುಟ್ಟುತ್ತದೆ. ಆದರೆ ನಾನು ನಿಲ್ಲಿಸಿದ್ದಲ್ಲ. ಮೋಟೆಬೆನ್ನೂರು ರಸ್ತೆಯಲ್ಲಿ ಗಾಡಿ ತಾನಾಗೇ ಬಂದ್ ಬಿದ್ದು ನಿಂತಿತ್ತು. ಅಲ್ಲೇ ತಲೆಗೆ ಪಟಕಾ ಸುತ್ತಿದ ಒಬ್ಬ ಅಜ್ಜ ಚೀಲ ಹಿಡಿದು, ಕೈ ಮಾಡುತ್ತ ನಿಂತಿದ್ದ. ತನಗಾಗಿಯೇ ನಾನು ನಿಲ್ಲಿಸಿದ್ದೇನೆ ಅಂತ ತಿಳಿದು, “ದೇವರಂಥಾ ಹುಡುಗ” ಅನ್ನುತ್ತ ಹಿಂದೆ ಹತ್ತಿ ಕುಂತೇಬಿಟ್ಟ.

“ಅಜ್ಜಾರ, ನಾ ಇನ್ನೂ ಕಲಿಯಾಕತ್ತೇನ್ರಿ. ಇಲ್ಲಿ ನೋಡ್ರಿ, ಎಲ್ ಬೋರ್ಡ್ ಹಚ್ಚೇನಿ. ಹಿಂದ ಯಾರನ್ನೂ ಕುಂದ್ರಸಬಾರದ್ರಿ.”

“ನಾನೂ ಕುಂದ್ರೂದು ಕಲಿಯಾಕತ್ತೇನಿ, ನಡಿ.”

ಕಿಕ್ ಒದ್ದೆ. ಚಾಲೂ ಆಯಿತು. ಕ್ಲಚ್ ಬಿಟ್ಟೆ. ಸತ್ತಿತು. ಅಜ್ಜನ ಪಟಕಾ ಮುಂದೆ ಬಂದು ನನ್ನ ಬೆನ್ನಿಗೆ ಗುದ್ದಿತು. ಮತ್ತೆ ಒದ್ದೆ, ಮತ್ತೆ ಸತ್ತಿತು, ಮತ್ತೆ ಗುದ್ದಿತು. ಅಜ್ಜ ಸಿಟ್ಟಿಗೇಳಲಿಲ್ಲ. ನಿಧಾನಕ್ಕೆ ಇಳಿದ, ಚೀಲ ಹೆಗಲಿಗೇರಿಸಿದ, ನನ್ನ ಬೆನ್ನ ಮೇಲೆ ಕೈಯಾಡಿಸಿದ.

“ತಮ್ಮಾ, ಅವಸರ ಮಾಡಬ್ಯಾಡ. ನಾ ಮುಂದ ನಡಕೋತ ಹೋಗಿ ಚಾ ಹೇಳಿರತೇನಿ. ನೀ ಗಾಡಿ ಮ್ಯಾಲ ಆರಾಮ ಬಾ.”

ಚೇಷ್ಟೆ ಅಂದುಕೊಂಡೆ. ಕ್ರಾಸಿನ ಚಹಾದಂಗಡಿ ಮುಟ್ಟಿದಾಗ ಅಜ್ಜ ಕಟ್ಟಿಗೆಯ ಬಾಂಕಿನ ಮೇಲೆ ಕುಂತಿದ್ದ. ನನ್ನ ಚಹಾ ಕಪ್ಪಿನ ಮೇಲೆ ಬಶಿ ಮುಚ್ಚಿಕೊಂಡು ಕಾಯುತ್ತಿತ್ತು. ಕೆನೆಗಟ್ಟಿತ್ತು.

ಭಾವನಿಗೆ ಮಾಡಿದ ಚೇಷ್ಟೆ

ಈ ನಡುವೆ ಭಾವ ವಾರವಾರ ಬರುತ್ತಿದ್ದ. ಫೋನಿನಲ್ಲಿ ಮೊದಲೆಲ್ಲ “ಅತ್ತಿಯಾರು ಆರಾಮದಾರೇನು” ಅಂತ ಕೇಳುತ್ತಿದ್ದವನು ಈಗ “ಗಾಡಿ ಆರಾಮ ಐತೇನು” ಅಂತ ಶುರು ಮಾಡುತ್ತಿದ್ದ. ಒಂದು ಸಲ ರಾಣೆಬೆನ್ನೂರಿನಿಂದ ಕೆಂಪು ಸೀಟ್ ಕವರ್ ತಂದು ತಾನೇ ಹಾಕಿದ. ಇನ್ನೊಂದು ಸಲ ಸುತಳಿ ತಂದು ಹಿಂದಿನ ನಂಬರ್ ಪ್ಲೇಟಿನ ಮೇಲಿನ ಜಾಗ ಅಳೆದ. ಯಾಕೆ ಅಂದರೆ, ತನ್ನ ಮಕ್ಕಳ ಹೆಸರು ಬರೆಸಲಿಕ್ಕೆ ಹಿಡಿಯುತ್ತದೋ ಇಲ್ಲವೋ ನೋಡುತ್ತಿದ್ದನಂತೆ.

ನನಗೆ ತಡೆಯಲಾಗಲಿಲ್ಲ. ಅವನು ಒಳಗೆ ರೊಟ್ಟಿ ತಿನ್ನುತ್ತಿರುವಾಗ ಟಾಕಿಯ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿದೆ. ಕಾಕ್ ಬಂದ್ ಇದ್ದರೂ ಪೈಪಿನಲ್ಲಿ ಉಳಿದದ್ದರ ಮೇಲೆ ಗಾಡಿ ಸ್ವಲ್ಪ ದೂರ ಓಡುತ್ತದೆ, ಆಮೇಲೆ ನಿಲ್ಲುತ್ತದೆ.

“ಭಾವ, ಒಂದು ರೌಂಡ್ ಹೊಡಕೊಂಡ ಬರ್ರಿ” ಅಂದೆ.

ಅಷ್ಟೇ ಬೇಕಿತ್ತು ಅವನಿಗೆ. ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತ ಹೋದ. ಹೋದವನು ಬಿಸಿಲಲ್ಲಿ ಗಾಡಿ ನೂಕುತ್ತ ಬಂದ. ಅಂಗಿ ಮೈಗೆ ಅಂಟಿತ್ತು. ನಾನು ಮುಖ ಸಣ್ಣದು ಮಾಡಿ ಹೇಳಿದೆ: “ಹೇಳೂದ ಮರತೆ ಭಾವ. ಪೂಜಿ ಆದ ಮ್ಯಾಲ ಇದು ನಮ್ಮ ಮನಿಯವರನ್ನ ಬಿಟ್ಟು ಬ್ಯಾರೇದವರಿಗೆ ಒಗ್ಗೂದಿಲ್ಲ. ನಡು ಹಾದ್ಯಾಗ ನಿಂತಬಿಡತೈತಿ.” ಅಂದು, ಅವನು ನೀರಿನ ತಂಬಿಗೆಯತ್ತ ತಿರುಗಿದಾಗ ಕಾಕ್ ಬಿಟ್ಟು, ಒಂದೇ ಒದೆತಕ್ಕೆ ಚಾಲೂ ಮಾಡಿ ತೋರಿಸಿದೆ.

ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡೆ. ಭಾವ ತಂಬಿಗೆ ನೀರು ಕುಡಿದು ಮುಗಿಸಿದ. ಟವೆಲ್ಲಿನಿಂದ ತನ್ನ ಮುಖ ಒರೆಸುವ ಮೊದಲು ಗಾಡಿಯ ಟಾಕಿ ಒರೆಸಿದ.

“ಎಂಥಾ ನಿಯತ್ತಿನ ಗಾಡಿಲೇ ಇದು. ಕುಪ್ಪೇಲೂರಾಗ ಇಂಥಾದ್ದು ಒಂದೂ ಇಲ್ಲ. ಇದನ್ನ ಬಿಡೂದ ಇಲ್ಲ ನಾ.”

ಎಂಟು

ಪರೀಕ್ಷೆ ರಾಣೆಬೆನ್ನೂರಿನ ಲೈಸೆನ್ಸ್ ಆಫೀಸಿನಲ್ಲಿ. ನೆಲದ ಮೇಲೆ ದೊಡ್ಡದಾಗಿ ಎಂಟು ಬರೆದಿರುತ್ತಾರೆ. ಅದರ ಗೆರೆಯೊಳಗೇ ಗಾಡಿ ಹೊಡೆಯಬೇಕು, ಕಾಲು ನೆಲಕ್ಕೆ ತಾಗಿದರೆ ಮುಗಿಯಿತು.

ಭಾವ ಕುಪ್ಪೇಲೂರಿನಿಂದ ಬಸ್ಸಿಗೆ ಬಂದು ಗೇಟಿನ ಹೊರಗೆ ನಿಂತಿದ್ದ. ತೊಡೆಯ ಮೇಲೆ ಕೂಸಿನ ಹಾಗೆ ತನ್ನ ಸ್ವಂತ ಹೆಲ್ಮೆಟ್ ಇಟ್ಟುಕೊಂಡು ಬಂದಿದ್ದನಂತೆ. “ಹೆದರಬ್ಯಾಡ. ಪಾಸಾದ್ರ ನಾ ನಿನ್ನ ಹಿಂದ ಕುಂದರತೇನಿ. ಫೇಲಾದ್ರ ನೀ ನನ್ನ ಹಿಂದ ಕುಂದ್ರು. ಒಟ್ಟ ಇಬ್ಬರೂ ಗಾಡಿ ಮ್ಯಾಲನ ಹೋಗೂದು” ಅಂದ. ಧೈರ್ಯ ಹೇಳಿದನೋ ಹೆದರಿಸಿದನೋ ತಿಳಿಯಲಿಲ್ಲ.

ಅಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಸುರಿಯಲಿಕ್ಕೆ ಹತ್ತಿತ್ತು. ಸಂಗತಿ ಏನಂದ್ರೆ, ಹಿಂದಿನ ದಿನ ನನ್ನ ಹೆಲ್ಮೆಟ್ಟನ್ನು ಅಂಗಡಿಯ ಮೊಳೆಗೆ ತೂಗುಹಾಕಿದ್ದೆ. ಬ್ಯಾಡಗಿಯಲ್ಲಿ ತಗ್ಗು ಇರುವ ಯಾವ ವಸ್ತುವನ್ನೂ ಖಾಲಿ ಬಿಡುವುದಿಲ್ಲ. ಯಾರೋ ವ್ಯಾಪಾರಿ ಸ್ಯಾಂಪಲ್ ಕೇಳಿದ್ದಾನೆ, ಅಪ್ಪನ ಕೈಗೆ ಬುಟ್ಟಿ ಸಿಕ್ಕಿಲ್ಲ, ಹೆಲ್ಮೆಟ್ ಸಿಕ್ಕಿದೆ. ಅದರ ತುಂಬ ಮೆಣಸಿನಕಾಯಿ ತುಂಬಿ ತೋರಿಸಿ, ಸುರುವಿ, ಎರಡು ಸಲ ಕೊಡವಿ ಮತ್ತೆ ಮೊಳೆಗೆ ಹಾಕಿದ್ದಾನೆ. ನಮ್ಮ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಊರೂರಿಗೆ ಹೇಳುತ್ತೇವೆ. ಹೆಲ್ಮೆಟ್ಟಿನೊಳಗೆ ಮುಖ ಇಟ್ಟವರು ಹೇಳಿದ ಮಾತಲ್ಲ ಅದು.

ಭಾವನ ಹೆಲ್ಮೆಟ್ ಕೇಳಬಹುದಿತ್ತು. ಕೇಳಲಿಲ್ಲ. ಅದನ್ನು ಹಾಕಿಕೊಂಡರೆ ಅರ್ಧ ಗಾಡಿ ಅವನಿಗೆ ಕೊಟ್ಟ ಹಾಗೆ.

ಒಳಗೆ ಪರೀಕ್ಷೆ ತಗೊಳ್ಳುವ ಸಾಹೇಬರು ನನ್ನ ಮುಖ ನೋಡಿದರು. “ಯಾಕೋ ಅಳಾಕತ್ತೀದಿ? ಇನ್ನೂ ಚಾಲೂನ ಮಾಡಿಲ್ಲಲ್ಲ.”

“ಅಳು ಅಲ್ರಿ ಸಾಹೇಬ್ರ. ನಮ್ಮೂರು ಬ್ಯಾಡಗಿರಿ.”

“ಬ್ಯಾಡಗಿಯವ್ರೆಲ್ಲಾ ಅಳತಾರೇನು?”

“ಹೆಲ್ಮೆಟ್ಟಿನ್ಯಾಗ ನಮ್ಮಪ್ಪ ಮೆಣಸಿನಕಾಯಿ ತುಂಬಿದ್ದರಿ.”

ಸಾಹೇಬರಿಗೆ ನಂಬಿಕೆ ಬರಲಿಲ್ಲ. “ತಾ ಇಲ್ಲೆ” ಅಂತ ಇಸಿದುಕೊಂಡು, ಬಾವಿಯಲ್ಲಿ ಇಣುಕುವವರ ಹಾಗೆ ಮೂಗಿನ ತನಕ ಒಳಗೆ ಇಣುಕಿದರು. ಆಮೇಲೆ ಮುಖ ಮೇಲೆತ್ತಿ ಆಕಾಶ ನೋಡುತ್ತ ನಿಂತರು. ಬಾಯಿ ತೆರೆದಿತ್ತು, ಸೀನು ಬರಲೊಲ್ಲದು. “ಹೋ… ಹೋಗು, ಹೊಡಿ” ಅಂತ ಕೈಸನ್ನೆ ಮಾಡಿದರು.

ಹೋದೆ. ಮೊದಲ ಸುತ್ತು ಚಲೋ ಆಯಿತು. ಎಂಟರ ನಡುವಿನ ಗಂಟಿನಲ್ಲಿ ಗಾಡಿ ತೂಗಾಡಿತು. ನನ್ನ ಎಡಗಾಲು, ಬೇಡ ಬೇಡ ಅಂದರೂ, ನೆಲ ಮುಟ್ಟಿತು. ಗಾಡಿ ಹೋಯಿತು, ಕಾಲೇಜು ಬಂತು ಅಂದುಕೊಂಡೆ. ಸರಿಯಾಗಿ ಅದೇ ಗಳಿಗೆಗೆ ಸಾಹೇಬರಿಗೆ ತಡೆದು ನಿಂತಿದ್ದ ಸೀನು ಬಂತು. ಒಂದಲ್ಲ, ಸಾಲಾಗಿ, ಗೂಡ್ಸ್ ಗಾಡಿಯ ಡಬ್ಬಿ ಹೋದ ಹಾಗೆ. ಕಡೇ ಡಬ್ಬಿ ದಾಟಿ ಅವರು ಕಣ್ಣು ಬಿಡುವಷ್ಟರಲ್ಲಿ ನಾನು ಎಂಟು ಮುಗಿಸಿ ಎದುರಿಗೆ ನಿಂತಿದ್ದೆ.

“ಕಾಲು ಇಟ್ಟಿಯೇನು?”

“ನೀವು ನೋಡಿದ್ರೇನ್ರಿ?”

“ನಾ ಎಲ್ಲಿ ನೋಡ್ಲಿ.” ಮೂಗು ಒರೆಸಿಕೊಂಡರು. “ಪಾಸು. ಮೊದಲ ಆ ಖಾರದ ಡಬ್ಬಿ ಹೊರಗ ಒಯ್ಯಿ.”

ಭಾವ ನಕ್ಕು ನಕ್ಕು ಗೇಟಿಗೆ ಆತುಕೊಂಡ. ಮಾತಿನಂತೆ ನನ್ನ ಹಿಂದೆ ಕುಂತು ಬ್ಯಾಡಗಿಯ ತನಕ ಬಂದ. ಗಾಡಿ ಈಗ ನನ್ನದೇ, ಸೀಟ್ ಕವರ್ ಅವನದೇ. ನಮ್ಮಪ್ಪನಂತೂ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ: “ನನ್ನ ಕೈಗುಣ ನೋಡ್ರಿ. ಹೆಲ್ಮೆಟ್ಟಿನ್ಯಾಗ ನಾ ಮೆಣಸಿನಕಾಯಿ ತುಂಬಿದ್ದಕ್ಕ ಮಗಾ ಪಾಸಾದ.”

ಅದನ್ನು ಹೇಳುವಾಗ ಅವನ ಮುಖ ಎಷ್ಟು ಅರಳುತ್ತದೆ ಅಂದ್ರೆ, ಈಗ ನಿಮಗೆ ಹೇಳುವುದನ್ನು ಅವನಿಗೆ ಮತ್ತೊಮ್ಮೆ ಹೇಳಲಾರೆ. ಮೆಣಸಿನಕಾಯಿ ಖರೇ, ಕಣ್ಣೀರು ಖರೇ. ಆದರೆ ಸಾಹೇಬರು ಹೆಲ್ಮೆಟ್ ಮುಟ್ಟಲೂ ಇಲ್ಲ, ಸೀನಲೂ ಇಲ್ಲ. ನಾನು ಅಳುತ್ತಲೇ ಎಂಟು ಹಾಕಿದೆ, ಕಾಲು ಇಡಲಿಲ್ಲ, ಅವರು ಪಾಸು ಅಂದರು, ನಾನು ಹೊರಗೆ ಬಂದೆ. ಇದನ್ನೇ ಹೇಳಿದರೆ ಭಾವ ನಂಬಲಿಲ್ಲ. ಅಪ್ಪನಿಗೆ ಫೋನ್ ಹಚ್ಚಿ ನನ್ನ ಕೈಯಲ್ಲಿ ಕೊಟ್ಟ. ಅಪ್ಪ, “ನಿನ್ನ ಹಡದಾವ ನಾನು. ಖರೇ ಹೇಳು, ಅಲ್ಲಿ ಏನ್ ಮಾಡಿ ಬಂದಿ?” ಅಂದ. ಎಷ್ಟು ಆಣೆ ಮಾಡಿದರೂ ಕೇಳಲಿಲ್ಲ. ಕಡೆಗೆ ಆ ಗೇಟಿನ ಹತ್ತಿರ ನಿಂತೇ, ಬಾಯಿಮಾತಿನಲ್ಲೇ ಸಾಹೇಬರಿಗೆ ಸೀನು ಬರಿಸಿದೆ.

ಫೋನಿನಲ್ಲಿ ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. “ಹಾಂ, ಹಂಗ ಖರೇ ಹೇಳು ಮತ್ತ” ಅಂದ.