ಕೆಳಗಿನ ಗುಂಪಿಗೊಂದು ಅರ್ಜಿ

ಅಶ್ವಿನನ ಶನಿವಾರ ಹಾಳಾದದ್ದು ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ ಮೂರು ಸಾಲುಗಳಿಂದ. ಹೈಡಲ್‌ಬರ್ಗಿನ ಅವನ ವಿಶ್ವವಿದ್ಯಾಲಯದಲ್ಲಿ ಬೇಸ್‌ಬಾಲ್ ಆಡುವವರಿಗೆ ಮೂರು ಗುಂಪುಗಳಿದ್ದವು. ಮೊದಲನೆಯದು ಆನ್‌ಫೆಂಗರ್, ಅಂದರೆ ಹೊಸದಾಗಿ ಕಲಿಯುವವರದು. ನಡುವಿನದು ಸ್ವಲ್ಪ ಪಳಗಿದವರದು. ಮೂರನೆಯದು ವೆಟ್‌ಕಾಂಫ್, ಬೇರೆ ವಿಶ್ವವಿದ್ಯಾಲಯಗಳ ಮೇಲೆ ಪಂದ್ಯವಾಡುವ ತಂಡ. ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಒಂದನ್ನು ಒತ್ತಬೇಕು. ಒತ್ತಿದ ಮೇಲೆ ಬೇರೆ ಗುಂಪಿನಲ್ಲಿ ಜಾಗ ಖಾಲಿ ಇದ್ದರೆ ಮಾತ್ರ ಬದಲಾವಣೆ, ಇಲ್ಲದಿದ್ದರೆ ಸೆಮಿಸ್ಟರ್ ಮುಗಿಯುವವರೆಗೆ ಅದೇ ಗತಿ.

ಅವನಿಗೆ ಇದು ಕೋರ್ಸಿನ ಕೊನೆಯ ಬೇಸಿಗೆ. ಮೈಸೂರಿನ ಹಾಸ್ಟೆಲ್ ಬಿಟ್ಟ ಎರಡು ವರ್ಷಗಳಲ್ಲಿ ಅವನು ಬೆವರಿದ್ದು ಪರೀಕ್ಷೆಗಳಲ್ಲಿ ಮಾತ್ರ. ಹೇಗಾದರೂ ಮಾಡಿ ಈ ಬೇಸಿಗೆ ಆಡಬೇಕು. ಅದಕ್ಕೆಂದೇ ಹೊಸ ಸ್ಪೈಕ್ಸ್ ಶೂಸ್ ಕೊಂಡು, ಇಲ್ಲಿನ ಹಾಸ್ಟೆಲಿನ ಅಡುಗೆಮನೆಯ ಕುರ್ಚಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದ.

"ಆನ್‌ಫೆಂಗರಾ?" ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚುತ್ತಿದ್ದ ಗಿರಿಧರ್ ಹೌಹಾರಿದ. ಅವನು ಓದಿನ ಜೊತೆಗೆ ವಾಲ್‌ಡಾರ್ಫಿನ ಕಂಪನಿಯೊಂದರಲ್ಲಿ ವಾರಕ್ಕೆ ಎರಡು ದಿನ ಕೆಲಸ ಮಾಡುತ್ತಿದ್ದ. ಉಳಿದ ಐದು ದಿನ ಸಲಹೆ ಕೊಡುತ್ತಿದ್ದ. "ಮಗಾ, ಮೈಸೂರಲ್ಲಿ ಹಾಸ್ಟೆಲ್ ವಾಟರ್ ಟ್ಯಾಂಕ್ ದಾಟಿಸಿ ಸಿಕ್ಸ್ ಹೊಡ್ದೋನು ನೀನು. ಈಗ ಹೋಗಿ ಎಲ್‌ಕೆಜಿ ಸೇರ್ತೀಯಾ?"

"ಅದು ಕ್ರಿಕೆಟ್ ಕಣೋ."

"ಬ್ಯಾಟಿದೆ, ಬಾಲಿದೆ. ಇನ್ನೇನ್ ಬೇಕು? ಎರಡೂ ದಾಯಾದಿಗಳೇ."

"ಸಿಇಟಿ ಆಪ್ಷನ್ ಎಂಟ್ರೀಲಿ ಏನ್ ಮಾಡಿದ್ವಿ ಗುರು?" ಎಂದ ಪಕ್ಕದ ರೂಮಿನ ಯತಿರಾಜ್. "ದೊಡ್ಡ ಕಾಲೇಜು ಮೊದಲು ಹಾಕಿದ್ವಿ. ಇಲ್ಲೂ ಅಷ್ಟೇ. ಮೇಲಿಂದ ಕೆಳಗೆ ಬರಬಹುದು, ಕೆಳಗಿಂದ ಮೇಲೆ ಹೋಗಕ್ಕಾಗಲ್ಲ."

ಬಾಣಲೆ ತೊಳೆಯುತ್ತಿದ್ದ ಹರಿಪ್ರಿಯಾ ತಿರುಗಿ ನೋಡಿದಳು. ಚಿತ್ರದುರ್ಗದವಳು, ಪಿಎಚ್‌ಡಿಯ ನಾಲ್ಕನೇ ವರ್ಷ. ಆ ಮಹಡಿಯ ಕನ್ನಡದ ಹುಡುಗರಿಗೆಲ್ಲ ಅಕ್ಕ. ಬೇಸ್‌ಬಾಲಿನ ನಡುವಿನ ಗುಂಪಿನಲ್ಲಿ ಎರಡು ವರ್ಷದಿಂದ ಆಡುತ್ತಿದ್ದಳು.

"ಆಡೋಕೆ ಸಿಗೋ ಗುಂಪಿಗೆ ಸೇರ್ಕೊ ಅಶ್ವಿನ್. ಹೇಳ್ಕೊಳೋಕೆ ಸಿಗೋ ಗುಂಪಿಗಲ್ಲ."

"ಅಕ್ಕ, ನೀವು ನಡುವಿನದ್ರಲ್ಲಿ ಇದೀರಲ್ಲ, ಅದಕ್ಕೇ ಹಾಗಂತೀರ," ಎಂದ ಯತಿರಾಜ್.

ಅವಳು ನಕ್ಕು ಬಾಣಲೆಯನ್ನು ಮೊಳೆಗೆ ತಗುಲಿಸಿ ಹೋದಳು.

ಗಿರಿಧರ್ ಹೊಸ ಶೂಸನ್ನು ಎತ್ತಿ, ಬದನೆಕಾಯಿ ಆರಿಸುವವನಂತೆ ಹಿಂದೆ ಮುಂದೆ ತಿರುಗಿಸಿದ. "ಯಾವ ಸೈಜು?"

"ನಲವತ್ತೆರಡು."

"ನಂದೂ ಅದೇ. ಈ ಶೂಸಿಗಾದ್ರೂ ಮರ್ಯಾದೆ ಕೊಡು ಮಗಾ. ಒತ್ತು!"

ಅಶ್ವಿನ್ ಮೂರನೇ ಸಾಲನ್ನು ಒತ್ತಿದ. ಆಗ ಗಂಟೆ ಹನ್ನೊಂದು.

ಎರಡು ಗಂಟೆಗೆ ನೆಕರ್ ನದಿಯಾಚೆಯ ಮೈದಾನದಲ್ಲಿ ತಂಡದ ಮೊದಲ ಅಭ್ಯಾಸ. ತರಬೇತುದಾರ ಕ್ಯೋಲರ್‌ಗೆ ಅರವತ್ತೈದು ವರ್ಷ. ಚಿಕ್ಕಂದಿನಲ್ಲಿ ಊರಿನ ಅಮೆರಿಕನ್ ಸೈನಿಕರಿಂದ ಆಟ ಕಲಿತವನು. ಅವನು ಎಲ್ಲರಿಗೂ ಚರ್ಮದ ದೊಡ್ಡ ಗ್ಲೌಸ್ ಕೊಟ್ಟು, ಸರದಿಯಂತೆ ಒಬ್ಬೊಬ್ಬರ ಕಡೆಗೆ ಬಾಲು ಹೊಡೆಯತೊಡಗಿದ.

ಅಶ್ವಿನನ ಕಡೆಗೆ ಬಾಲು ಗುಂಡಿನಂತೆ ಬಂತು. ಅವನು ಗ್ಲೌಸನ್ನು ಕಿತ್ತೆಸೆದು, ಪಕ್ಕಕ್ಕೆ ಹಾರಿ, ಬರಿಗೈಯಲ್ಲಿ ಹಿಡಿದ. ಇಡೀ ತಂಡ ಚಪ್ಪಾಳೆ ತಟ್ಟಿತು. ಅವನು ತಟ್ಟಲಿಲ್ಲ, ಅಂಗೈ ಆಗಲೇ ಬನ್ನಿನಂತೆ ಉಬ್ಬಿತ್ತು.

ಆಮೇಲೆ ಬ್ಯಾಟಿಂಗ್. ಮೊದಲ ಎರಡು ಬಾಲುಗಳನ್ನು ಅವನು ಬ್ಯಾಟನ್ನು ಘನತೆಯಿಂದ ಮೇಲೆತ್ತಿ, ಆಫ್ ಸ್ಟಂಪಿನಾಚೆ ಹೋಗಲು ಬಿಟ್ಟ. ಅಲ್ಲಿ ಸ್ಟಂಪೇ ಇರಲಿಲ್ಲ. ಹೊಡೆಯಬೇಕಾದ್ದನ್ನು ಬಿಟ್ಟದ್ದಕ್ಕೆ ಕ್ಯೋಲರ್ ಎರಡನ್ನೂ ಸ್ಟ್ರೈಕ್ ಎಂದು ಕೂಗಿದ; ಇನ್ನೊಂದಾದರೆ ಔಟ್. ಮೂರನೆಯದನ್ನು ಮಣಿಕಟ್ಟು ತಿರುಗಿಸಿ ಹಿಂದಕ್ಕೆ ನವಿರಾಗಿ ತಳ್ಳಿ, ಬೌಂಡರಿ ಎಂದು ಸುತ್ತಲೂ ನೋಡಿದ. ಅದು ಫೌಲ್, ಲೆಕ್ಕಕ್ಕಿಲ್ಲ.

ನಾಲ್ಕನೆಯ ಬಾಲಿಗೆ ಸಿಟ್ಟು ಬಂತು. ಬೀಸಿದ. ಬಾಲು ಮೂವರ ತಲೆಯ ಮೇಲೆ ಹಾರಿ ಬೇಲಿಯ ಬುಡಕ್ಕೆ ಬಿತ್ತು.

"ಓಡು!" ಎಲ್ಲರೂ ಕಿರುಚಿದರು.

ಅಶ್ವಿನ್ ಓಡಿದ. ಬ್ಯಾಟನ್ನು ಕೈಯಲ್ಲೇ ಹಿಡಿದು ಓಡಿದ. ಮೊದಲ ಬೇಸ್‌ಗೆ ಬ್ಯಾಟಿನ ತುದಿ ಮುಟ್ಟಿಸಿ, "ಎರಡು, ಎರಡು!" ಎಂದು ಕನ್ನಡದಲ್ಲಿ ಕೂಗಿ, ಎರಡನೇ ಬೇಸ್‌ನತ್ತ ಹೋಗುವ ಬದಲು ಗಕ್ಕನೆ ತಿರುಗಿ, ಹೊರಟಲ್ಲಿಗೇ ವಾಪಸು ಓಡಿ ಬಂದ. ಕೊನೆಗೆ ಉದ್ದಕ್ಕೆ ಬಿದ್ದು ಬ್ಯಾಟನ್ನು ಚಾಚಿದ.

ಬಾಲು ಬೇಲಿಯ ಬುಡದಲ್ಲೇ ಉಳಿಯಿತು. ಅದನ್ನು ಎಸೆಯಬೇಕಾದವನು ಹುಲ್ಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕೂತಿದ್ದ.

"ಐವತ್ತು ವರ್ಷದಿಂದ ಈ ಆಟ ನೋಡ್ತಿದೀನಿ," ಎಂದ ಕ್ಯೋಲರ್ ಇಂಗ್ಲಿಷಿನಲ್ಲಿ, ಕಣ್ಣೊರೆಸಿಕೊಳ್ಳುತ್ತಾ. "ಮೊದಲನೇ ಬೇಸಿಂದ ಹೊರಟ ಜಾಗಕ್ಕೇ ವಾಪಸ್ ಬಂದವನು ನೀನೊಬ್ಬನೇ. ಆದರೆ ಕಣ್ಣು ಚೆನ್ನಾಗಿದೆ, ಧೈರ್ಯನೂ ಇದೆ. ತಂಡದಲ್ಲಿರು. ಬೆಂಚಲ್ಲಿ ಕೂತು ನೋಡು. ಜುಲೈ ಕೊನೆಗೆ ಒಂದು ಅವಕಾಶ ಸಿಕ್ಕರೂ ಸಿಗಬಹುದು."

ಅಶ್ವಿನ್ ಬೆಂಚಿನಲ್ಲಿ ಕೂತ. ಪಕ್ಕದ ಮೈದಾನದಲ್ಲಿ ಹರಿಪ್ರಿಯಾ ಬಾಲು ಎಸೆಯುತ್ತಿದ್ದಳು. ಎಡಗಾಲನ್ನು ಎದೆಯ ಮಟ್ಟಕ್ಕೆತ್ತಿ, ಒಂದು ಕ್ಷಣ ಹಾಗೇ ನಿಂತು, ಎಸೆದರೆ ಬಾಲು ಗ್ಲೌಸಿಗೆ ಬೀಳುವ ಸದ್ದು ಬಾಗಿಲು ಬಡಿದಂತೆ ಕೇಳುತ್ತಿತ್ತು. ಸಾಲಾಗಿ ಮೂವರು ಬಂದರು. ಮೂವರೂ ಗಾಳಿಯನ್ನು ಹೊಡೆದು ಹೋದರು. ಅವಳು ಸಂಭ್ರಮಿಸಲಿಲ್ಲ. ಟೋಪಿ ಸರಿಮಾಡಿಕೊಂಡು ನೀರು ಕುಡಿಯಲು ಬಂದಳು.

"ನಿಮ್ಮನ್ನ ಮೇಲಿನ ತಂಡಕ್ಕೆ ಕರೀಲಿಲ್ವಾ ಅಕ್ಕ?"

"ಎರಡು ವರ್ಷದಿಂದ ಕರೀತಾನೇ ಇದಾರೆ. ಅಲ್ಲಿ ನನಗಿಂತ ಚೆನ್ನಾಗಿ ಎಸೆಯೋರು ಮೂರು ಜನ ಇದಾರೆ. ಹೋದ್ರೆ ನಾನು ನಾಲ್ಕನೆಯವಳು. ಇಲ್ಲಿ ಪ್ರತಿ ಶನಿವಾರ ಬಾಲು ನನ್ನ ಕೈಲಿರುತ್ತೆ."

ಬಸ್ಸಿನ ಸಮಯ ಹೇಳುವವಳಂತೆ ಹೇಳಿ ಬಾಟಲಿಯ ಮುಚ್ಚಳ ತಿರುಗಿಸಿದಳು. ತನ್ನ ಅಳತೆಯನ್ನು ಇಷ್ಟು ನೆಮ್ಮದಿಯಿಂದ ಹೇಳಿದವರನ್ನು ಅಶ್ವಿನ್ ಈವರೆಗೆ ಕಂಡಿರಲಿಲ್ಲ. ಅವನ ಮನೆಯವರು, ಮೇಷ್ಟರು, ಗೆಳೆಯರು ಯಾರೂ ಹೀಗೆ ಮಾತಾಡಿದವರಲ್ಲ. ಅವನು ಎದ್ದು ನೇರವಾಗಿ ಕ್ಯೋಲರ್ ಬಳಿ ಹೋದ.

"ನನ್ನನ್ನ ಕೆಳಗಿನ ಗುಂಪಿಗೆ ಹಾಕಿ."

"ನಡುವಿನದಕ್ಕಾ? ಅದು ಭರ್ತಿ."

"ಅಲ್ಲ. ಎಲ್ಲಕ್ಕಿಂತ ಕೆಳಗಿನದಕ್ಕೆ. ಓಡೋದು ಎಲ್ಲಿಗೆ ಅಂತ್ಲೇ ನನಗೆ ಗೊತ್ತಿಲ್ಲ."

ಕ್ಯೋಲರ್ ಟೋಪಿ ತೆಗೆದ. ಉಬ್ಬಿದ ಕೈಯನ್ನೇ ಹಿಡಿದು ಗಟ್ಟಿಯಾಗಿ ಕುಲುಕಿದ. "ಮೇಲೆ ಹಾಕಿ ಅಂತ ಅತ್ತವರನ್ನ ನೋಡಿದೀನಿ. ಕೆಳಗೆ ಹಾಕಿ ಅಂತ ಯಾರೂ ಕೇಳಿರಲಿಲ್ಲ. ನಿನ್ನಂಥವನೇ ಆಟಗಾರ ಆಗೋದು!" ಎಂದವನು ಫೋನು ತೆಗೆದು ಪಟ್ಟಿ ನೋಡಿದ. ಮುಖ ಸಣ್ಣದಾಯಿತು. "ಬೆಳಿಗ್ಗೆ ಎರಡು ಜಾಗ ಇತ್ತು. ಹನ್ನೊಂದೂ ನಲವತ್ತಕ್ಕೆ ಒಂದು ಹೋಗಿದೆ. ನಲವತ್ತೆರಡಕ್ಕೆ ಇನ್ನೊಂದು."

ಅಶ್ವಿನ್ ಬಗ್ಗಿ ಹೆಸರುಗಳನ್ನು ಓದಿದ. ಓದಿ, ತನ್ನ ಫೋನು ತೆಗೆದು ಗಿರಿಧರ್‌ಗೆ ಕರೆ ಮಾಡಿದ.

"ಲೋ, ನೀನೂ ಯತಿರಾಜೂ ಆನ್‌ಫೆಂಗರ್ ಸೇರಿದೀರಾ?"

"ಹೂಂ ಮಗಾ. ನೀನು ಒತ್ತಿದ ಧೈರ್ಯ ನೋಡಿ ನಮಗೂ ಆಸೆ ಆಯ್ತು."

"ಮತ್ತೆ ನನಗ್ಯಾಕೋ ಮೇಲಿನದು ಒತ್ತು ಅಂದೆ?"

"ನಿನ್ನ ಲೆವೆಲ್ಲೇ ಬೇರೆ ಗುರು. ನಮ್ಮ ಯೋಗ್ಯತೆ ನಮಗೆ ಗೊತ್ತಿಲ್ವಾ?" ಗಿರಿಧರ್ ನಿಜವಾದ ಅಭಿಮಾನದಿಂದಲೇ ಹೇಳಿದ. "ಹೆಂಗಾಯ್ತು? ತಗೊಂಡ್ರಾ?"

"ತಗೊಂಡ್ರು. ಬೆಂಚಿಗೆ."

ಗಿರಿಧರ್ ದನಿ ತಗ್ಗಿಸಿದ.

"ಮಗಾ, ಮಂಗಳವಾರ ನಮ್ಮ ಮೊದಲ ಕ್ಲಾಸು. ಬೆಂಚಲ್ಲಿ ಕೂರೋಕೆ ಚಪ್ಪಲಿ ಸಾಕಲ್ವಾ? ಆ ಶೂಸು ನಲವತ್ತೆರಡೇ ತಾನೇ?"